ಹಿಂದೆ ನಿಂತವರ ಟೀಚರು

ಲೇಮಾಸ್ ಟೀಚರು ಸುದ್ದಿಯ ವಿಡಿಯೊ ನೋಡುವಾಗ ಮಾತನಾಡುತ್ತಿರುವವರ ಮುಖ ನೋಡುತ್ತಲೇ ಇರಲಿಲ್ಲ. ಮಂತ್ರಿಯಾಗಲಿ, ಗಣಿ ಕಂಪನಿಯ ಅಧ್ಯಕ್ಷನಾಗಲಿ ಮೈಕಿನ ಮುಂದೆ ನಿಂತು ಎಷ್ಟೇ ಗಂಭೀರವಾಗಿ ಲಾಭನಷ್ಟದ ಮಾತಾಡುತ್ತಿರಲಿ, ಟೀಚರ ದೃಷ್ಟಿ ಆ ಕೋಟು ತೊಟ್ಟ ಭುಜವನ್ನು ದಾಟಿ ಹಿಂದಕ್ಕೆ ಹೋಗಿ, ಕ್ರೇನಿನ ನೆರಳಲ್ಲಿ ಸಿಗರೇಟು ಸೇದುವವನ ಮೇಲೋ ನೀರಿನ ಬಾಟಲಿ ಜೋಡಿಸುವ ಹೆಂಗಸಿನ ಮೇಲೋ ನಿಂತುಬಿಡುತ್ತಿತ್ತು. ಬೆರಳಿನಿಂದ ಚಿತ್ರವನ್ನು ನಿಲ್ಲಿಸಿ, ಅಲ್ಲಿಯವರೆಗೂ ಯಾರೂ ಗಮನಿಸದ ಆ ವ್ಯಕ್ತಿಯತ್ತ ಕೈ ತೋರಿಸಿ, "ಈಗ ಇವನು ಏನು ಹೇಳ್ತಾನೆ?" ಎಂದು ಕೇಳುವುದು ಅವರ ಕ್ರಮ. ಯಾರಾದರೂ ಒಂದು ವಾಕ್ಯ ಹೇಳಿ ಸುಮ್ಮನಾದರೆ, "ಸರಿ, ಆಮೇಲೆ?" ಎನ್ನುತ್ತಿದ್ದರು. ಆ "ಆಮೇಲೆ"ಯಿಂದ ತಪ್ಪಿಸಿಕೊಂಡವರು ನೂಮೇಯಾ ಎಂಬ ಆ ಫ್ರೆಂಚ್ ದ್ವೀಪದ ಬಂದರು ಪಟ್ಟಣದಲ್ಲಿ ಯಾರೂ ಇರಲಿಲ್ಲ.

ಮೀನು ಮಾರುಕಟ್ಟೆಯ ಎದುರಿಗೆ, ಬಟ್ಟೆ ಅಂಗಡಿಯ ಮಹಡಿಯ ಮೇಲೆ, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅವರ ತರಗತಿ. ಬರುವವರೆಲ್ಲ ಕಚೇರಿಯ ಜನ. ಹುಟ್ಟಿನಿಂದ ಫ್ರೆಂಚಿನಲ್ಲೇ ಲೆಕ್ಕ, ಜಗಳ, ಪ್ರಾರ್ಥನೆ ಎಲ್ಲವನ್ನೂ ಮಾಡಿದವರು. ನಿಕ್ಕಲ್ ಅದಿರಿನ ಹಡಗು, ಶೀತಲ ಮಾಂಸದ ಪೆಟ್ಟಿಗೆ, ವಿಮೆಯ ತಕರಾರು ಎಂದು ಆಸ್ಟ್ರೇಲಿಯದವರೊಡನೆ ಫೋನಿನಲ್ಲಿ ಮಾತಾಡಬೇಕಾದಾಗ ಮಾತ್ರ ನಾಲಿಗೆ ಒಣಗಿಸಿಕೊಳ್ಳುವವರು. ಉದ್ದನೆಯ ರೊಟ್ಟಿಯನ್ನು ಮಡಿಲಲ್ಲಿಟ್ಟು ಮುರಿದು ತಿನ್ನುತ್ತಲೇ ಇಂಗ್ಲಿಷಿನಲ್ಲಿ ವಾದಿಸುತ್ತಿದ್ದರು. ಟೀಚರು ವನುವಾಟುವಿನ ಎಮಾವ್ ದ್ವೀಪದವರು, ಇಂಗ್ಲಿಷ್ ಶಾಲೆಯಲ್ಲಿ ಓದಿ, ಮದುವೆಯಾಗಿ ಈ ಊರಿಗೆ ಬಂದು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದವರು. ಹೂವಿನ ಅಚ್ಚಿನ ಅಗಲವಾದ ನಿಲುವಂಗಿ. ಅದರ ಮೇಲೆ, ಎಂಥ ಬಿಸಿಲಿರಲಿ, ತೋಳು ಮಡಚಿದ ಬೂದುಬಣ್ಣದ ಗಂಡಸರ ಕೋಟು. "ನಾನು ಕಲಿಸೋದು ವ್ಯಾಪಾರದ ಇಂಗ್ಲಿಷ್ ಅಲ್ವಾ? ಕೋಟಿಲ್ಲದೆ ಯಾರು ನಂಬ್ತಾರೆ?" ನಡೆಯುವಾಗ ಪ್ರತಿ ಹೆಜ್ಜೆಯನ್ನೂ ಮೊದಲು ಅಂಗಾಲಿನಿಂದ ತಡವಿ ನೋಡಿ, ಆಮೇಲೆ ಭಾರ ಬಿಡುತ್ತಿದ್ದರು, ದೋಣಿಯಿಂದ ಇಳಿಯುವವರು ಮರಳು ಎಲ್ಲಿದೆಯೆಂದು ಹುಡುಕುವ ಹಾಗೆ.

ಪಠ್ಯಪುಸ್ತಕವೆಂದರೆ ಅವರಿಗೆ ಆಗದು. ಆ ಬೆಳಿಗ್ಗೆ ಬಂದ ಸುದ್ದಿಯೇ ಆಗಬೇಕು. ಒಮ್ಮೆ ಬಂದರಿನ ಮುಷ್ಕರದ ವಿಡಿಯೊ ತಂದಿದ್ದರು. ಸುಂಕದ ದಲ್ಲಾಳಿ ಸೊಸೆಫೋ, ವಾಲಿಸ್ ದ್ವೀಪದ ಭಾರಿ ಆಳು, ವಿಡಿಯೊದಲ್ಲಿ ಕೂಗಾಡುತ್ತಿದ್ದ ಮ್ಯಾನೇಜರನ ಪಾತ್ರ ತನಗೇ ಸಿಗುತ್ತದೆಂದು ಗಂಟಲು ಸರಿಮಾಡಿಕೊಂಡು ಎದ್ದು ನಿಂತಿದ್ದ. ಟೀಚರು ಚಿತ್ರ ನಿಲ್ಲಿಸಿ, ಬಾಗಿಲ ಬಳಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಮುದುಕಿಯನ್ನು ತೋರಿಸಿದರು. "ನೀನು ಇವಳು."

"ಟೀಚರಮ್ಮ, ಆ ಮನುಷ್ಯ ಅಷ್ಟೊತ್ತಿಂದ ಬೊಬ್ಬೆ ಹೊಡೀತಿದಾನೆ, ನೀವು ನನ್ನನ್ನ ಚಹಾ ಕೊಡೋಕೆ ಕಳಿಸ್ತಿದೀರಲ್ಲ!"

"ಚಹಾ ಕೊಡೋಳಿಗೆ ಎಲ್ಲರ ಮಾತೂ ಕೇಳಿಸುತ್ತೆ. ಮಾತಾಡು."

ತರಗತಿ ನಕ್ಕಿತು. ಸೊಸೆಫೋ ತಡವರಿಸಿದ. ಹಡಗುಕಟ್ಟೆಯಲ್ಲಿ ಅಡುಗೆ ಮಾಡುತ್ತಿದ್ದ ತನ್ನ ತಾಯಿಯ ನೆನಪಾಯಿತೋ ಏನೋ, ತಪ್ಪುತಪ್ಪಾಗಿ ಶುರುಮಾಡಿದವನು ಎರಡೂ ಪಕ್ಷದವರನ್ನು ತರಾಟೆಗೆ ತೆಗೆದುಕೊಂಡು, ಬಿಡುವು ಮುಗಿದರೂ ನಿಲ್ಲಿಸಲಿಲ್ಲ. ಅವನ ಬಾಯಲ್ಲಿ ಇಂಗ್ಲಿಷ್ ಅಳುಕಿಲ್ಲದೆ ಹರಿದದ್ದು ಅದೇ ಮೊದಲು.

ಇದೆಲ್ಲ ಕಲಿಸುವ ಜಾಣ್ಮೆಯೆಂದೇ ಸಿದೋನಿ ಬಹುಕಾಲ ನಂಬಿದ್ದಳು. ಲಿಫೂ ದ್ವೀಪದ ಹುಡುಗಿ, ಹಡಗು ಸರಕಿನ ಕಚೇರಿಯಲ್ಲಿ ಕೆಲಸ. ಫೋನು ರಿಂಗಾದರೆ ಶೌಚಾಲಯಕ್ಕೆ ಓಡಿಹೋಗುತ್ತಿದ್ದವಳು. ಒಂದು ದಿನ ಮರೆತ ಕೊಡೆಗಾಗಿ ಮಹಡಿ ಹತ್ತಿ ಬಂದಾಗ, ಖಾಲಿ ಕೋಣೆಯಲ್ಲಿ ಟೀಚರು ಅಂದಿನ ವಿಡಿಯೊವನ್ನು ಸದ್ದಿಲ್ಲದೆ ಮತ್ತೆ ಮತ್ತೆ ಹಿಂದಕ್ಕೆಳೆದು ನೋಡುತ್ತಿದ್ದರು. ತೋಟಗಳಿಗೆ ಆಳು ಸಿಗುತ್ತಿಲ್ಲವೆಂಬ ಸುದ್ದಿ ಅದು. ಪರದೆಗೆ ಮುಖ ಎಷ್ಟು ಹತ್ತಿರ ಒಯ್ದಿದ್ದರೆಂದರೆ ಉಸಿರಿನಿಂದ ಗಾಜು ಮಂಜಾಗುತ್ತಿತ್ತು.

"ಯಾರನ್ನ ಹುಡುಕ್ತಿದೀರಿ?"

ಟೀಚರು ಬೆಚ್ಚಲಿಲ್ಲ. "ನನ್ನ ತಮ್ಮನ್ನ," ಎಂದರು, ಕನ್ನಡಕ ಹುಡುಕುತ್ತಿದ್ದೇನೆ ಎಂಬಷ್ಟು ಸಹಜವಾಗಿ.

ಕಾಲ್ಸೋಂಗ್ ಅವನ ಹೆಸರು. ಸುಗ್ಗಿಯ ಕೂಲಿಗೆ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನ ತೋಟಗಳಿಗೆ ಹೋದ ಎಷ್ಟೋ ಜನರಲ್ಲಿ ಒಬ್ಬ. ಮೇಸ್ತ್ರಿಯ ಜೊತೆ ಜಗಳವಾಡಿ ತೋಟ ಬಿಟ್ಟನಂತೆ, ಫೋನು ಸತ್ತಿತು. ತಾಯಿ ಕೊನೆಯವರೆಗೂ ಅವನ ಪಾಲಿನ ಗೆಣಸನ್ನು ಎಲೆ ಮುಚ್ಚಿ ಎತ್ತಿಡುತ್ತಿದ್ದಳಂತೆ. "ಅವನು ಕ್ಯಾಮೆರಾ ಮುಂದೆ ಬರೋ ಪೈಕಿ ಅಲ್ಲ," ಎಂದರು ಟೀಚರು. "ಯಾವಾಗಲೂ ಹಿಂದೇನೇ, ತಲೆ ತಗ್ಗಿಸಿ, ಎಡಭುಜದ ಮೇಲೆ ಹೊರೆ ಇಟ್ಕೊಂಡು. ಅದಕ್ಕೇ ಹಿಂದೆ ನೋಡ್ತೀನಿ."

ಆ ದಿನದಿಂದ ಸಿದೋನಿಯೂ ಹಿಂದೆ ನೋಡತೊಡಗಿದಳು.

ಮಾವಿನ ಕಾಲದಲ್ಲಿ ಸಾಗಣೆ ದರ ಏರಿದ ಸುದ್ದಿ ಬಂತು. ಕ್ವೀನ್ಸ್‌ಲೆಂಡಿನಲ್ಲಿ ಹಣ್ಣು ಜೋಡಿಸುವ ದೊಡ್ಡ ಷೆಡ್ಡು, ಮುಂದೆ ನಿಂತು ಗೋಳಾಡುವ ಮಾಲೀಕ, ಅವನ ಬೆನ್ನಹಿಂದೆ ತಲೆ ತಗ್ಗಿಸಿ ಪೆಟ್ಟಿಗೆಯನ್ನು ಎಡಭುಜಕ್ಕೇರಿಸಿದ ಒಬ್ಬ ಆಳು. ಟೀಚರು ಚಿತ್ರ ನಿಲ್ಲಿಸಿದರು. ಪ್ರಶ್ನೆ ಮಾತ್ರ ಬರಲಿಲ್ಲ. ಮಡಚಿದ ಕೋಟಿನ ತೋಳು ಬಿಚ್ಚಿ ಜಾರಿ ಕೈಯನ್ನು ಮುಚ್ಚಿತು.

"ಟೀಚರಮ್ಮ, ಈಗ ಇವನು ಏನು ಹೇಳ್ತಾನೆ?" ಎಂದು ಸೊಸೆಫೋ ಅಣಕಿಸಿದ. ಯಾರೂ ನಗದಿರುವುದನ್ನು ಕಂಡು ತಡವಾಗಿ ಬಾಯಿ ಮುಚ್ಚಿದ.

ತಮ್ಮನ ವಿಷಯವನ್ನು ಸಿದೋನಿಯೇ ಹೇಳಬೇಕಾಯಿತು. ರೊಟ್ಟಿಗಳು ಕೆಳಗಿಳಿದವು. ಕೊನೆಗೆ ಸೊಸೆಫೋ ಎದ್ದು ತನ್ನ ಫೋನನ್ನು ಸಿದೋನಿಯ ಮುಂದಿಟ್ಟ. "ಷೆಡ್ಡಿನ ಹೆಸರು ಗೋಡೆ ಮೇಲೇ ಇದೆ. ನನ್ನ ದನಿ ಕೇಳಿದ್ರೆ ಹೆದರ್ಕೋತಾರೆ. ನೀನು ಮಾಡು."

ಸಿದೋನಿ ಒಮ್ಮೆ ಮೆಟ್ಟಿಲ ಕಡೆ ನೋಡಿದಳು. ಆದರೂ ನಂಬರು ಹುಡುಕಿ ಒತ್ತಿದಳು. ಅತ್ತ ಕಡೆಯ ಹೆಂಗಸು ಚುಟುಕಾಗಿ, ಕೆಲಸಗಾರರ ವಿಚಾರ ಹೊರಗಿನವರಿಗೆ ಹೇಳುವಂತಿಲ್ಲ ಎಂದಳು. ಸಿದೋನಿ ಕಣ್ಣು ಮುಚ್ಚಿದಳು. ಟೀಚರು ಅಭ್ಯಾಸದಿಂದಲೋ ಆಸೆಯಿಂದಲೋ ಪಿಸುಗುಟ್ಟಿದರು: "ಸರಿ, ಆಮೇಲೆ?"

"ನಾವು ಏನೂ ಕೇಳ್ತಿಲ್ಲ ಮೇಡಂ," ಎಂದಳು ಸಿದೋನಿ. "ಆ ವಿಡಿಯೊದಲ್ಲಿ ಪೆಟ್ಟಿಗೆ ಹೊತ್ತಿದ್ದವರಿಗೆ ನಮ್ಮ ನಂಬರ್ ಕೊಟ್ಟು, ಅಕ್ಕ ಒಬ್ಬರು ತಮ್ಮ ಕಾಲ್ಸೋಂಗನ್ನ ಹುಡುಕ್ತಿದಾರೆ ಅಂತ ಹೇಳಿ, ಅಷ್ಟೇ. ಫೋನ್ ಮಾಡೋದು ಬಿಡೋದು ಅವರಿಷ್ಟ. ನಿಮ್ಮ ನಿಯಮಕ್ಕೂ ತೊಂದರೆ ಇಲ್ಲ, ಅಲ್ವಾ?"

ಅತ್ತಲಿಂದ ಪೆನ್ನು ತೆಗೆದುಕೊಂಡ ಸದ್ದು. ಸಿದೋನಿ ಟೀಚರ ಫೋನಿನ ನಂಬರು ಹೇಳಿದಳು.

ಮುಂದಿನ ತರಗತಿಗಳಲ್ಲಿ ಆ ಫೋನು ಮೇಜಿನ ಮಧ್ಯದಲ್ಲೇ ಇತ್ತು. ತಾಮ್ರದ ಬೆಲೆ, ಬ್ಯಾಂಕಿನ ಬಡ್ಡಿ, ಯಾವುದರ ಚರ್ಚೆ ನಡೆದರೂ ಎಲ್ಲರ ಕಿವಿ ಅತ್ತಲೇ. ಅದು ರಿಂಗಾದಾಗ ಟೀಚರ ಬೆರಳಿಗೆ ಸರಿಯಾದ ಗುಂಡಿ ಸಿಗದೆ, ದನಿ ಕೋಣೆಗೆಲ್ಲ ಕೇಳಿತು. ಆಡಿದ ಭಾಷೆ ಇಂಗ್ಲಿಷಲ್ಲ, ಇಂಗ್ಲಿಷನ್ನು ಮುರಿದು ದ್ವೀಪಗಳವರು ಕಟ್ಟಿಕೊಂಡ ಮಾತು. ಟೀಚರ ಊರಿನದೇ ಅನ್ನಿಸುವಂಥದ್ದು. ಮೊದಲ ಶಬ್ದಕ್ಕೇ ಅವರ ಮುಖ ಹುಡುಗಿಯೊಬ್ಬಳ ಮುಖದಂತೆ ಅರಳಿತು.

"ಅಕ್ಕಾ, ಬೇಜಾರ್ ಮಾಡ್ಕೋಬೇಡಿ. ನಾನು ನಿಮ್ಮ ತಮ್ಮ ಅಲ್ಲ. ಮೇಸಾಕ್ ಅಂತ, ಮಲೈಟಾ ದ್ವೀಪದವನು. ಕಾಲ್ಸೋಂಗ್ ಅನ್ನೋರು ಇಲ್ಲಿ ಯಾರೂ ಇಲ್ಲ."

ಕೆಳಗಿನ ರಸ್ತೆಯಲ್ಲಿ ಬಸ್ಸೊಂದು ಹಾದುಹೋಯಿತು. ಸಿದೋನಿ ಟೀಚರ ಕೈ ಹಿಡಿಯಲು ಹೋಗಿ, ಧೈರ್ಯ ಸಾಲದೆ ಮೇಜಿನ ಅಂಚು ಹಿಡಿದಳು. ಟೀಚರು ಫೋನನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು.

"ನಿನಗೆ ಅಕ್ಕ ಇದಾಳೇನಪ್ಪ?"

"ಇದಾಳೆ."

"ಅವಳ ಹತ್ರ ಮಾತಾಡಿ ಎಷ್ಟು ದಿನ ಆಯ್ತು?"

ಅತ್ತಲಿನ ದನಿ ಸಣ್ಣಗಾಯಿತು: "ದುಡ್ಡು ಕಳಿಸೋಕೆ ಆಗ್ಲಿಲ್ಲ. ಬೈತಾಳೆ ಅಂತ..."

"ಬೈತಾಳೆ. ಬೈಸ್ಕೋ. ಬೈದು ಮುಗಿಸಿ ಊಟ ಆಯ್ತಾ ಅಂತ ಕೇಳ್ತಾಳೆ. ಅದಕ್ಕೆ ಉತ್ತರ ಹೇಳು, ಸಾಕು. ಈಗಲೇ ಮಾಡು, ನನ್ನ ಫೋನ್ ಇಡು."

ಅವನು ಇಟ್ಟ. ಟೀಚರು ಕೋಟಿನ ತೋಳನ್ನು ನಿಧಾನವಾಗಿ ಮಡಚಿಕೊಂಡರು. "ಬಡ್ಡಿ ದರ," ಎಂದರು. "ಎಲ್ಲಿಗೆ ಬಂದಿದ್ವಿ?" ಎಲ್ಲಿಗೆ ಬಂದಿದ್ದರೆಂದು ಯಾರಿಗೂ ನೆನಪಿರಲಿಲ್ಲ. ಸೊಸೆಫೋ ಕಿಟಕಿಯ ಕಡೆ ತಿರುಗಿ ಮೂಗೊರೆಸಿಕೊಳ್ಳುತ್ತಿದ್ದ.

ಮಳೆಗಾಲದಲ್ಲಿ ಸಿದೋನಿಯ ಕಚೇರಿಗೆ ಮಲೈಟಾ ಪಕ್ಕದ ಹೊನಿಯಾರಾ ಬಂದರಿನ ಹಡಗಿನಲ್ಲಿ ಒಂದು ಬುಟ್ಟಿ ಬಂತು; ಮಲೈಟಾದ ಹೆಂಗಸೊಬ್ಬಳು ಹೆಣೆದು ಕಳಿಸಿದ್ದು, ನೂಮೇಯಾದ ಅಕ್ಕನಿಗೆ ಎಂದಷ್ಟೇ ವಿಳಾಸ. ಟೀಚರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಹೆಣಿಗೆ ಒರಟಾಯಿತೆಂದು ದೂರಿ, ಮರುದಿನದಿಂದ ಬೇರೆ ಚೀಲ ಹಿಡಿಯಲಿಲ್ಲ. ಕಾಲ್ಸೋಂಗನ ಸುಳಿವು ಇಂದಿಗೂ ಇಲ್ಲ.

ಬಂದರಿರುವ ಊರುಗಳಲ್ಲೆಲ್ಲ ಇಂಥವರು ಒಬ್ಬಿಬ್ಬರು ಇದ್ದೇ ಇರುತ್ತಾರೆ: ತಮ್ಮದಲ್ಲದ ಭಾಷೆಯನ್ನು ತಮ್ಮವರಲ್ಲದವರಿಗೆ ಕಲಿಸುತ್ತ, ಜಗತ್ತಿನ ಸುದ್ದಿಯನ್ನೆಲ್ಲ ಜಾಲಾಡಿ, ತಮಗೆ ಬೇಕಾದ ಒಂದೇ ಒಂದು ಸುದ್ದಿ ಸಿಗದೆ ಮನೆಗೆ ಹೋಗುವವರು. ತಲುಪಬೇಕಾದವರನ್ನು ತಲುಪದ ಅವರ ಅಕ್ಕರೆ ಎದುರಿಗೆ ಕುಳಿತವರ ಪಾಲಾಗುತ್ತದೆ. ಪಡೆದವರು ಅದನ್ನು ವಿದ್ಯೆಯೆಂದು ತಿಳಿದು, ಶುಲ್ಕ ಕೊಟ್ಟು, ವಂದನೆ ಹೇಳಿ ಮೆಟ್ಟಿಲಿಳಿಯುತ್ತಾರೆ. ಅದು ಇನ್ನಾರಿಗೋ ಎತ್ತಿಟ್ಟದ್ದಾಗಿತ್ತೆಂದು ತಿಳಿಯುವುದು, ತಮಗೂ ತಮ್ಮವರೊಬ್ಬರು ಇಲ್ಲವಾದ ಮೇಲೆಯೇ.