ನಲವತ್ತು ಬಿಲ್ಲೆ

ಕೆರೆ ದಂಡೆಯ ಟಿಕೆಟ್ ಕಿಟಕಿಯಲ್ಲಿ ಕೂರುವ ಬಿಲ್ಲೆಯಮ್ಮನ ಲೆಕ್ಕ ಸರಳ. ಮೊಳೆಗೆ ನೇತುಹಾಕಿದ ತಗಡಿನ ಬಿಲ್ಲೆ ನಲವತ್ತು. ಕೊಕ್ಕರೆ ನೋಡಲು ಕೆರೆ ನಡುವಿನ ದ್ವೀಪಕ್ಕೆ ಹೊರಟವರಿಗೆ ತಲೆಗೊಂದು. ಮುಗಿದರೆ ಆ ದಿನಕ್ಕೆ ಕಿಟಕಿ ಬಂದ್, ಮಂತ್ರಿ ಬಂದರೂ ಅಷ್ಟೇ. ಅದಕ್ಕಿಂತ ಹೆಚ್ಚು ಜನ ತುಳಿದರೆ ಕೊಕ್ಕರೆಗಳು ಗೂಡು ಬಿಟ್ಟೇಳುತ್ತವೆ ಎಂದು ಬಿಲ್ಲೆ ಕತ್ತರಿಸಿಕೊಟ್ಟ ಗಂಡ ಹೇಳಿ ಹೋಗಿದ್ದ.

ಕಿಟಕಿಯನ್ನು ಪಾವತಿ ಆ್ಯಪ್‌ಗೆ ಸೇರಿಸಿದ್ದು ಸೊಸೆ. ಅತ್ತೆಗೆ ಚಿಲ್ಲರೆಯ ಕಾಟ ತಪ್ಪಲಿ ಎಂಬ ಕಕ್ಕುಲಾತಿ ಅವಳದು. ಅರ್ಜಿ ತುಂಬುತ್ತಾ, ದಿನಕ್ಕೆ ಎಷ್ಟು ಜನ ಎಂದು ಕೇಳುತ್ತಿದೆ ಅಂದಳು. ಬಿಲ್ಲೆಗಳ ತುಕ್ಕು ಉಜ್ಜುತ್ತಿದ್ದ ಬಿಲ್ಲೆಯಮ್ಮ ತಲೆಯನ್ನೂ ಎತ್ತಲಿಲ್ಲ.

"ಅದು ಊರಿಗೇ ಗೊತ್ತಿರೋದು, ಬಿಡು."

ಸೊಸೆ ಆ ಜಾಗ ಖಾಲಿ ಬಿಟ್ಟಳು. ಖಾಲಿ ಎಂದರೆ ಮಿತಿಯೇ ಇಲ್ಲ ಎಂದು ಆ್ಯಪ್ ತಿಳಿದುಕೊಂಡಿತು.

ಎರಡನೇ ವಾರಕ್ಕೇ ದಿನಕ್ಕೆ ಇನ್ನೂರು ಜನ. ಎಲ್ಲೆಲ್ಲಿಂದಲೋ ದುಡ್ಡು ಕಟ್ಟಿ ಬಂದವರನ್ನು ಯಾವ ಬಾಯಲ್ಲಿ ವಾಪಸ್ ಕಳಿಸುವುದು? ಪ್ರತಿ ಪಾವತಿಗೂ ಫೋನಿನಲ್ಲಿ ಒಂದು ಹಸಿರು ಎಲೆ ಚಿಗುರಿ, ಪ್ರಕೃತಿ ಉಳಿಸಿದ್ದಕ್ಕೆ ಧನ್ಯವಾದ ಹೇಳುತ್ತಿತ್ತು. ಟಿಕೆಟ್ಟಿನ ಕಾಗದ ಉಳಿಯಿತಂತೆ, ಎಂಥ ಉಪಕಾರ! ಸುಳ್ಳೇಕೆ, ಸೋರುವ ಸೂರು ರಿಪೇರಿಯಾದಾಗ ಬಿಲ್ಲೆಯಮ್ಮನಿಗೂ ಖುಷಿಯಾಗಿತ್ತು. ಬಿಲ್ಲೆಗಳು ಮೊಳೆಯಲ್ಲೇ ಧೂಳು ತಿಂದವು.

ಮೂರನೇ ವಾರ ದೋಣಿ ನಡೆಸುವ ಮಗ ಮುಖ ಬಾಡಿಸಿಕೊಂಡು ಬಂದು, ಅಮ್ಮನನ್ನೂ ಹೆಂಡತಿಯನ್ನೂ ದ್ವೀಪಕ್ಕೆ ಕರೆದೊಯ್ದ. ಪೊದೆಗಳ ಅಡಿಯಲ್ಲಿ ಹೊಸ ಕಾಲುದಾರಿಗಳು. ಮೇಲೆ ಗೂಡುಗಳ ತುಂಬ ಮೊಟ್ಟೆ, ಹಕ್ಕಿ ಮಾತ್ರ ಇಲ್ಲ. ಕೈಗೆಟುಕಿದ ಗೂಡಿನಿಂದ ಬಿಲ್ಲೆಯಮ್ಮ ಒಂದು ಮೊಟ್ಟೆ ಎತ್ತಿಕೊಂಡಳು. ಕಲ್ಲಿನಂತೆ ತಣ್ಣಗಿತ್ತು. ದೂರದ ತುದಿಯಲ್ಲಿ ಮೂರೇ ಮೂರು ಕೊಕ್ಕರೆಗಳು ಇನ್ನೂ ಕಾವಿಗೆ ಕೂತಿದ್ದವು.

ಸೊಸೆಯ ಕಣ್ಣು ತುಂಬಿತು. "ತಪ್ಪು ನಂದು ಅತ್ತೆ."

"ನೀನು ಕೇಳಿದ್ದೆ ಕಣೇ. ಬಿಡು ಅಂದವಳು ನಾನು."

ಸೊಸೆ ಅಲ್ಲೇ ಫೋನ್ ತೆಗೆದು ಖಾಲಿ ಜಾಗದಲ್ಲಿ ನಲವತ್ತು ಎಂದು ಒತ್ತಿದಳು. ಬಿಲ್ಲೆಯಮ್ಮ ಬಗ್ಗಿ ನೋಡಿದಳು.

"ನಲವತ್ತಲ್ಲ. ಸೊನ್ನೆ ಹಾಕು."

ಮಗ ಬೆಚ್ಚಿಬಿದ್ದ. ಮನೆ ನಡೆಯುವುದು ಹೇಗೆ ಎಂದ.

"ಆ ಮೂರು ಹಕ್ಕಿಗಳ ಮರಿ ಹಾರೋ ತನಕ ಹೇಗೋ ನಡೆಯುತ್ತೆ."

ಸೊಸೆ ಸೊನ್ನೆ ಹಾಕಿದ್ದೇ, ಖಚಿತವೇ ಎಂದು ಫೋನ್ ಕೇಳಿತು. ಅವಳು ಗಂಡನ ಮುಖ ನೋಡುತ್ತಾ ತಡವರಿಸಿದಳು. ಬಿಲ್ಲೆಯಮ್ಮ ಒಂದು ಕೈಯಲ್ಲಿ ಆ ತಣ್ಣನೆಯ ಮೊಟ್ಟೆಯನ್ನು ಹಿಡಿದುಕೊಂಡೇ, ಇನ್ನೊಂದು ಕೈಯಿಂದ ತಾನೇ ಒತ್ತಿದಳು.