ಕೈ ಎತ್ತುವ ಊರುಗಳು

ಆ ಊರಿನವರಿಗೆ ಯುದ್ಧಗಳ ಹೆಸರು ಅಷ್ಟಾಗಿ ನೆನಪಿರುತ್ತಿರಲಿಲ್ಲ. ನೆನಪಿರುತ್ತಿದ್ದುದು ಆಯಾ ಯುದ್ಧದಲ್ಲಿ ಕಟ್ಟಿದ ಮನೆ, ನಡೆದ ಮದುವೆ, ಕೊಂಡ ಸ್ಕೂಟರು. “ಮರಳುಗಾಡಲ್ಲಿ ಗಲಾಟೆ ಆಯ್ತಲ್ಲ, ಆಗ ಈ ಮಹಡಿ ಎತ್ತಿದ್ದು” ಎಂದು ಒಬ್ಬರು ಹೇಳಿದರೆ, “ನಮ್ಮ ದೊಡ್ಡವಳು ಕಾಲೇಜು ಸೇರಿದ್ದು ದ್ವೀಪದ ಯುದ್ಧದಲ್ಲಿ” ಎಂದು ಇನ್ನೊಬ್ಬರು ಹೇಳುವರು. ದೇಶ ದೊಡ್ಡದು, ಬಲವಾದದ್ದು. ಅದರ ಯುದ್ಧಗಳೆಲ್ಲ ಸಮುದ್ರದಾಚೆ, ಬೇರೆಯವರ ಅಂಗಳದಲ್ಲೇ ನಡೆಯುತ್ತಿದ್ದವು. ಊರಿಗೆ ಬರುತ್ತಿದ್ದುದು ಆರ್ಡರು ಮಾತ್ರ. ಆರ್ಡರು ಬಂತೆಂದರೆ ಫಿರಂಗಿ ಗುಂಡಿನ ಉಕ್ಕಿನ ಕವಚ ಮಾಡುವ ಕಾರ್ಖಾನೆ ಮೂರು ಪಾಳಿಯಲ್ಲೂ ಓಡುತ್ತಿತ್ತು, ಊರಿನ ಹೊಟ್ಟೆ ತುಂಬುತ್ತಿತ್ತು.

ಆ ಕಾರ್ಖಾನೆಯ ಕಾರ್ಮಿಕ ಸಂಘದ ಅಧ್ಯಕ್ಷನನ್ನು ಎಲ್ಲರೂ ಗುಡುಗಣ್ಣ ಎಂದು ಕರೆಯುತ್ತಿದ್ದರು. ಉಕ್ಕು ಕಡೆಯುವ ಲೇತ್ ಯಂತ್ರದ ಮುಂದೆ ತಲೆ ಹಣ್ಣಾದ ಮನುಷ್ಯ. ಅವನು ಗುಟ್ಟು ಹೇಳಿದರೆ ಪಕ್ಕದ ಬೀದಿಯವರು ‘ಹೌದಾ’ ಅನ್ನುತ್ತಾರೆ ಎಂದು ಅವನ ಹೆಂಡತಿಯೇ ನಗುತ್ತಿದ್ದಳು. ಸಂಬಳ, ರಜೆ, ಯಂತ್ರಕ್ಕೆ ಬೆರಳು ಕೊಟ್ಟವರ ಪರಿಹಾರ, ಎಲ್ಲಕ್ಕೂ ಅವನು ದನಿ ಎತ್ತಿದ್ದ, ಹೆಚ್ಚು ಸಲ ಗೆದ್ದಿದ್ದ.

ಆ ವರ್ಷ ಗಾಳಿ ತಿರುಗಿತು. ಕದನವಿರಾಮದ ಮಾತುಕತೆ ಶುರುವಾಗಿದೆ ಎಂದು ಸುದ್ದಿ ಬಂತು. ಮೊದಲು ಮೂರನೆಯ ಪಾಳಿ ನಿಂತಿತು, ಆಮೇಲೆ ಎರಡನೆಯದು. ಗೇಟಿನೆದುರಿನ ಚಹಾದಂಗಡಿಯವನು ಅರ್ಧ ಬೆಂಚುಗಳನ್ನು ಎತ್ತಿ ಒಳಗಿಟ್ಟ. ಒಂದು ಬೆಳಿಗ್ಗೆ ಮ್ಯಾನೇಜರು ಗುಡುಗಣ್ಣನನ್ನು ಕರೆಸಿ ಕುರ್ಚಿ ಎಳೆದು ಕೊಟ್ಟರು. ಕುರ್ಚಿ ಕೊಟ್ಟಾಗಲೇ ಏನೋ ಇದೆ ಎಂದು ಅವನಿಗೆ ಅನಿಸಿತು.

“ರಾಜಧಾನೀಲಿ ಸಂಸತ್ತಿನ ಸಮಿತಿ ಕೂರ್ತಿದೆ. ಮದ್ದುಗುಂಡಿಗೆ ಇನ್ನೊಂದು ವರ್ಷ ಹಣ ಕೊಡೋದೋ ಬೇಡವೋ ಅಂತ ಅವರೇ ತೀರ್ಮಾನ ಮಾಡೋದು. ಕೊಟ್ರೆ ಯುದ್ಧ ಮುಂದುವರಿಯುತ್ತೆ, ಇಲ್ಲಾಂದ್ರೆ ಸರ್ಕಾರ ಕದನವಿರಾಮಕ್ಕೆ ಒಪ್ಪಲೇಬೇಕು. ಮಾಲೀಕರು ಹೋಗಿ ಮಾತಾಡಿದ್ರೆ ಲಾಭಕ್ಕೆ ಅಂತಾರೆ. ನೀವು ಹೋದ್ರೆ ಹೊಟ್ಟೆಪಾಡು ಅಂತಾರೆ. ಹೋಗಿಬನ್ನಿ, ಖರ್ಚೆಲ್ಲ ಕಂಪನೀದು.”

ಸಂಜೆ ಮನೆಯಲ್ಲಿ ಊಟಕ್ಕೆ ಕೂತಾಗ ಈ ವಿಷಯ ಹೇಳಿದ. ಮಗಳು ಹೆರಿಗೆಗೆಂದು ಬಂದಿದ್ದಳು. ಅವಳ ಗಂಡ ಸೈನ್ಯದಲ್ಲಿ ಲಾರಿ ಓಡಿಸುವವನು, ಸಮುದ್ರದಾಚೆಯ ಅದೇ ಯುದ್ಧದಲ್ಲಿದ್ದ. ಅವಳು ತಟ್ಟೆಯಿಂದ ಕೈ ತೆಗೆದಳು.

“ಅಪ್ಪ, ಯುದ್ಧ ನಿಂತ್ರೆ ಅವರು ಮನೆಗೆ ಬರ್ತಾರೆ. ನಿಲ್ಲದೇ ಇದ್ರೆ ನಿನಗೆ ಕೆಲಸ ಇರುತ್ತೆ. ನಾನು ಯಾವುದು ಆಗ್ಲಿ ಅಂದ್ಕೊಳ್ಳಲಿ, ಹೇಳು.”

ಗುಡುಗಣ್ಣ ಕಲಸಿದ ಅನ್ನವನ್ನೇ ಮತ್ತೆ ಕಲಸಿದ. ಹೆಂಡತಿ ನೀರಿನ ಲೋಟವನ್ನು ಅವನತ್ತ ಸರಿಸಿ, “ಊಟ ಮಾಡಿ ಇಬ್ರೂ. ಅನ್ನದ ಮೇಲೆ ಯಾಕೆ ಕೋಪ” ಎಂದಳು.

ಸಮಿತಿಯ ಕಟ್ಟಡದ ಉದ್ದನೆಯ ಹಜಾರದಲ್ಲಿ ಅವನಂಥವರೇ ಹತ್ತಾರು ಜನ ಕೂತಿದ್ದರು. ಎಲ್ಲರದೂ ಇಸ್ತ್ರಿ ಮಾಡಿದ ಅಂಗಿ, ಒರೆಸಿದ ಚಪ್ಪಲಿ. ಪಕ್ಕದಲ್ಲಿ ಕೂತಿದ್ದ ದಪ್ಪನೆಯ ಹೆಂಗಸು ಎಲ್ಲಿಂದ ಬಂದಿರಿ ಎಂದು ತಾನಾಗಿಯೇ ಮಾತಿಗೆಳೆದಳು. ಅವಳು ಇನ್ನೊಂದು ಊರಿನ ಸಂಘದ ಮುಖಂಡಳು. ಅವರ ಕಾರ್ಖಾನೆಯಲ್ಲಿ ಗುಂಡು ತುಂಬುವ ಮರದ ಪೆಟ್ಟಿಗೆ ಮಾಡುತ್ತಿದ್ದರು. ಆಚೆ ಕೂತವನ ಊರಲ್ಲಿ ಗುಂಡಿನ ಮೂತಿ, ಅವನಾಚೆಯವನ ಊರಲ್ಲಿ ಒಳಗಿನ ತಂತಿ.

“ಅಲ್ಲ ಅಕ್ಕ, ಒಂದು ಗುಂಡಿಗೆ ಇಷ್ಟು ಊರು ತಿರುಗಾಟನಾ?” ಎಂದ ಗುಡುಗಣ್ಣ. “ನಮ್ಮ ಮದುವೆ ದಿಬ್ಬಣವೂ ಇಷ್ಟು ಸುತ್ತಿರಲಿಲ್ಲ.”

ಪಿಸುಮಾತೆಂದೇ ಅವನು ತಿಳಿದಿದ್ದ. ಹಜಾರವೆಲ್ಲ ನಕ್ಕಿತು. ಎಲ್ಲರಿಗೂ ಚಹಾ ಹೇಳಿಸುತ್ತ ಓಡಾಡುತ್ತಿದ್ದ ನಿವೃತ್ತ ಸೇನಾಧಿಕಾರಿಯೂ ನಕ್ಕರು. ಈಗ ಈ ಕಾರ್ಖಾನೆಗಳನ್ನೆಲ್ಲ ನಡೆಸುವ ಕಂಪನಿಯ ಸಲಹೆಗಾರರಾಗಿದ್ದ ಅವರು ಒಳ್ಳೆಯ ಮಾತುಗಾರರು, ಜಂಬವಿಲ್ಲದವರು. ಗುಡುಗಣ್ಣನ ಪಕ್ಕದಲ್ಲೇ ಬಂದು ಕೂತರು.

“ಒಂದೇ ಊರಲ್ಲಿ ಮಾಡಿದ್ರೆ ಅಗ್ಗ ಆಗಲ್ವಾ ಸಾರ್?” ಎಂದು ಅವನು ಕೇಳಿದ.

“ಖಂಡಿತ ಆಗುತ್ತೆ. ಆದ್ರೆ ಒಂದೇ ಊರಲ್ಲಿ ಮಾಡಿದ್ರೆ ಸಂಸತ್ತಲ್ಲಿ ಒಬ್ಬನೇ ಕೈ ಎತ್ತುತ್ತಾನೆ. ಇಷ್ಟು ಊರಲ್ಲಿ ಮಾಡಿದ್ರೆ ಇಷ್ಟೂ ಊರಿನ ಸದಸ್ಯರು ಎತ್ತುತ್ತಾರೆ. ತನ್ನ ಊರಿನ ಕಾರ್ಖಾನೆ ಮುಚ್ಚಿಸಿ ಮತ್ತೆ ಓಟು ಕೇಳೋಕೆ ಯಾರು ಹೋಗ್ತಾರೆ ಹೇಳಿ?” ಅವರ ದನಿಯಲ್ಲಿ ಮುಚ್ಚುಮರೆ ಇರಲಿಲ್ಲ. ಮಗ್ಗಿ ಹೇಳಿದಷ್ಟು ಸಹಜವಾಗಿ ಹೇಳಿದರು. “ಯುದ್ಧ ಯಾಕೆ ನಿಲ್ಲಲ್ಲ ಅಂತ ಪೇಪರಿನವರು ಏನೇನೋ ಬರೀತಾರೆ. ಇದನ್ನ ಬರೆಯಲ್ಲ.”

ಅವರು ಎದ್ದು ಹೋದ ಮೇಲೆ ಪೆಟ್ಟಿಗೆಯ ಅಕ್ಕ ಅವನತ್ತ ಬಾಗಿದಳು. “ಒಳಗೆ ಅಧ್ಯಕ್ಷರ ಕುರ್ಚೀಲಿ ಕೂತಿದ್ದಾರಲ್ಲ, ಅವರ ಹಿಂದಿನ ಅಧ್ಯಕ್ಷರು ಈಗ ಕಂಪನಿ ಡೈರೆಕ್ಟರು. ಇವರಿಗೂ ಅಲ್ಲಿ ಒಂದು ಕುರ್ಚಿಯ ಧೂಳು ಒರೆಸ್ತಾ ಇರಬೇಕು. ಅವರಿಗೆ ಬೆಣ್ಣೆ, ನಮಗೆ ಮಜ್ಜಿಗೆ ಅಣ್ಣ. ಆದ್ರೆ ಮಜ್ಜಿಗೆ ಬೇಡ ಅನ್ನೋಕೂ ಆಗಲ್ವಲ್ಲ.”

ಅವನ ಸರದಿ ಬಂತು. ಅರ್ಧಚಂದ್ರಾಕಾರದ ಮೇಜಿನ ಹಿಂದೆ ಸಮಿತಿಯವರು ಕೂತಿದ್ದರು. ಮುಂದೆ ಮೈಕು ಇತ್ತು. ಅವನು ಬಾಯಿ ತೆರೆದದ್ದೇ ತಡ, ಕೊನೆಯಲ್ಲಿ ಕೂತಿದ್ದ ಗುಮಾಸ್ತ ಓಡಿಬಂದು ಅದನ್ನು ಆರಿಸಿದ. ಕಂಪನಿ ಹೇಳಿಕೊಟ್ಟಂತೆಯೇ ಅವನು ಶುರುಮಾಡಿದ. ನಮ್ಮ ಊರಿಗೆ ಬೇರೆ ಗತಿ ಇಲ್ಲ, ಕಾರ್ಖಾನೆ ನಿಂತರೆ ಒಲೆ ನಿಲ್ಲುತ್ತದೆ ಎಂದ. ಸಮಿತಿಯವರು ತಲೆಯಾಡಿಸಿದರು. ಈ ಮಾತನ್ನು ಅವರು ಬೆಳಿಗ್ಗೆಯಿಂದ ಕೇಳುತ್ತಲೇ ಇದ್ದರು.

ಅಲ್ಲಿಗೆ ಅವನ ಮಾತು ಮುಗಿಯಬೇಕಿತ್ತು. ಅವನು ಏಳಲಿಲ್ಲ.

“ಸ್ವಾಮಿ, ನಾನು ಕೆಲಸಕ್ಕೆ ಸೇರಿದಾಗ ಅದೇ ಕಾರ್ಖಾನೇಲಿ ನೀರೆತ್ತೋ ಪಂಪು ಮಾಡ್ತಿದ್ವಿ. ಲೇತು ಅದೇ, ಕೈ ಅದೇ. ನಮಗೆ ಬೇಕಾಗಿರೋದು ಕೆಲಸ, ಗುಂಡಲ್ಲ. ಆ ಹಣಾನೇ ಕೊಡಿ, ಪಂಪು ಮಾಡಿಸಿ. ನನ್ನ ಅಳಿಯ ಅಲ್ಲಿದ್ದಾನೆ. ಅವನು ಬರಬೇಕು ಅಂದ್ರೆ ನಾನು ಕೆಲಸ ಕಳ್ಕೋಬೇಕು, ನನಗೆ ಕೆಲಸ ಬೇಕು ಅಂದ್ರೆ ಅವನು ಅಲ್ಲೇ ಇರಬೇಕು. ಯಾವ ಮನೇಲಾದ್ರೂ ಇಂಥ ಲೆಕ್ಕ ಇರುತ್ತಾ?”

ಅಧ್ಯಕ್ಷರು ಮೃದುವಾಗಿ ಹೇಳಿದರು: “ನಿಮ್ಮ ಸಂಕಟ ಅರ್ಥವಾಗುತ್ತೆ. ಆದರೆ ಪಂಪು ನೀರಾವರಿ ಇಲಾಖೆಗೆ ಸೇರಿದ್ದು. ನಮ್ಮದು ರಕ್ಷಣೆ.” ಪಕ್ಕದವರು ಮುಂದಿನವರನ್ನು ಕರೆಯಲು ಹೇಳಿದರು.

ಅವನು ಊರು ತಲುಪುವುದಕ್ಕೆ ಮೊದಲೇ ಸುದ್ದಿ ತಲುಪಿತ್ತು. ಸಮಿತಿ ಹಣಕ್ಕೆ ಒಪ್ಪಿತ್ತು, ಕದನವಿರಾಮದ ಮಾತು ಮುರಿದುಬಿದ್ದಿತ್ತು. ರೈಲು ನಿಲ್ದಾಣದಲ್ಲಿ ಜೊತೆಯವರು ಚಪ್ಪಾಳೆ ತಟ್ಟಿ ಅವನನ್ನು ಹೆಗಲ ಮೇಲೆ ಎತ್ತಿಕೊಂಡರು. “ನಾನು ಹೇಳಿದ್ದು ಅದಲ್ಲ ಕಣ್ರೋ” ಎಂದು ಮೇಲಿನಿಂದ ಕೂಗಿದ. ದೊಡ್ಡಸ್ತಿಕೆ ಬೇಡವೆನ್ನುತ್ತಿದ್ದಾನೆ ಎಂದುಕೊಂಡು ಇನ್ನಷ್ಟು ಜೋರಾಗಿ ತಟ್ಟಿದರು.

ಮರುದಿನ ಗೇಟಿನ ಬಳಿ ಸಭೆ ಕರೆದು ನಡೆದದ್ದನ್ನು ನಡೆದಂತೆ ಹೇಳಿದ. ಗುಂಪು ತಣ್ಣಗಾಯಿತು. ಅವನ ಜೊತೆಗೇ ಕೆಲಸಕ್ಕೆ ಸೇರಿದ್ದ ಮುದಿ ವೆಲ್ಡರ್ ಮೊದಲು ಬಾಯಿಬಿಟ್ಟ.

“ಗುಡುಗಣ್ಣ, ಬೇಜಾರು ಮಾಡ್ಕೋಬೇಡ. ಪಂಪು ಒಂದು ಕೊಂಡ್ರೆ ಇಪ್ಪತ್ತು ವರ್ಷ ಬರುತ್ತೆ. ಗುಂಡು ಹಾಗಲ್ಲ, ಹಾರಿಸಿದ್ರೆ ಮುಗೀತು, ಇನ್ನೊಂದು ಬೇಕು. ಯಾವ ಅಂಗಡಿಯವನು ಗುಂಡು ಬಿಟ್ಟು ಪಂಪು ಮಾರ್ತಾನೆ ಹೇಳು?”

ಜನ ನಕ್ಕರು. ಕೆಟ್ಟ ನಗುವೇನಲ್ಲ. ಆದರೆ ನಗುತ್ತಲೇ ಪಾಳಿಗೆ ಹೊರಟುಹೋದರು. ಗುಡುಗಣ್ಣನಿಗೆ ಸಿಟ್ಟು ಬಂತು, ಆದರೆ ಯಾರ ಮೇಲೆ ಸಿಟ್ಟಾಗಬೇಕೆಂದೇ ತಿಳಿಯಲಿಲ್ಲ. ಅವರಲ್ಲಿ ಹಲವರ ಮನೆ ಕಟ್ಟುವಾಗ ಇಟ್ಟಿಗೆ ಹೊತ್ತವನು ಅವನೇ.

ಅಳಿಯನ ರಜೆ ರದ್ದಾಯಿತು. ಮಗಳಿಗೆ ಹೆಣ್ಣು ಮಗು ಹುಟ್ಟಿತು, ಮಗುವಿನ ಅಪ್ಪನಿಗೆ ಫೋಟೋ ಹೋಯಿತು. ಸಂಘದ ಚುನಾವಣೆಯಲ್ಲಿ ಗುಡುಗಣ್ಣ ಸೋತ. ಕವಚ ಕಡೆಯುವ ಲೇತ್ ಬಿಟ್ಟು ರಿಪೇರಿ ವಿಭಾಗಕ್ಕೆ ಹಾಕಿ ಎಂದು ಮ್ಯಾನೇಜರನ್ನು ಕೇಳಿಕೊಂಡ. “ಗುಂಡು ಮಾಡೋ ಯಂತ್ರಾನ ರಿಪೇರಿ ಮಾಡಿದ್ರೆ ಪಾಪ ಇಲ್ವೇನು?” ಎಂದು ಮ್ಯಾನೇಜರು ನಗುತ್ತಲೇ ಕೇಳಿದರು. “ಇದೆ ಸಾರ್. ಸ್ವಲ್ಪ ಕಡಿಮೆ ಅಂತ ಕೇಳ್ತಿದ್ದೀನಿ” ಎಂದ. ಅದು ಸುಳ್ಳು ಸಮಾಧಾನ ಎಂದು ಅವನಿಗೂ ಗೊತ್ತಿತ್ತು. ಮನೆಗೆ ಬಂದು ಹೇಳಿದಾಗ ಹೆಂಡತಿ, “ಓವರ್‌ಟೈಮ್ ಹೋಯ್ತು ಅನ್ನಿ. ಹೋಗ್ಲಿ ಬಿಡಿ, ಮೊಮ್ಮಗಳನ್ನ ಎತ್ಕೊಳ್ಳೋಕೆ ಒಬ್ಬರು ಸಿಕ್ಕಿದ್ರಲ್ಲ” ಎಂದಳು.

ಅಳಿಯ ಬಂದದ್ದು ಮಗು ನಡೆಯಲು ಕಲಿತ ಮೇಲೆ. ಕೈಕಾಲು ನೆಟ್ಟಗಿದ್ದವು. ಮಗು ಅವನನ್ನು ನೋಡಿ ಅಜ್ಜಿಯ ಸೆರಗಿನ ಹಿಂದೆ ಅಡಗಿತು. ಅವನು ಒತ್ತಾಯಿಸದೆ ದೂರದಲ್ಲೇ ನೆಲದ ಮೇಲೆ ಕೂತು ತನ್ನ ಬೂಟಿನ ದಾರವನ್ನು ಮಗುವಿನತ್ತ ಚಾಚಿದ. ಸಂಜೆ ಹೊತ್ತಿಗೆ ಅದು ದಾರದ ಇನ್ನೊಂದು ತುದಿ ಹಿಡಿದಿತ್ತು.

“ಮಾವ, ಒಂದು ಬೆಟ್ಟ ಹಿಡಿದ್ವಿ, ಬಿಟ್ವಿ, ಮತ್ತೆ ಹಿಡಿದ್ವಿ” ಎಂದ ಅವನು ಊಟವಾದ ಮೇಲೆ. “ಮೂರನೇ ಸಲ ನಾವು ಹೋದಾಗ ಅಲ್ಲಿಯವರು ಓಡಲೂ ಇಲ್ಲ, ಬೈಯಲೂ ಇಲ್ಲ. ಬಸ್ಸಿಗೆ ಜಾಗ ಬಿಡ್ತಾರಲ್ಲ, ಹಾಗೆ ಪಕ್ಕಕ್ಕೆ ಸರಿದು ನಿಂತ್ರು. ಒಬ್ಬ ಮುದುಕಿ ಒಣಹಾಕಿದ ಬಟ್ಟೆಗೆ ಧೂಳು ಕೂರುತ್ತೆ ಅಂತ ತೆಗೀತಾ ಇದ್ಲು. ಅವತ್ತೇ ಸಾಕು ಅನ್ನಿಸ್ತು.”

ಅವನು ಮತ್ತೆ ಸೈನ್ಯಕ್ಕೆ ಸಹಿ ಹಾಕಲಿಲ್ಲ. ಊರಲ್ಲಿ ಡ್ರೈವರು ಬೇಕಾಗಿದ್ದುದು ಕಾರ್ಖಾನೆಯ ಲಾರಿಗೆ ಮಾತ್ರ. ಮ್ಯಾನೇಜರು ತಾವೇ ಹೇಳಿಕಳಿಸಿದರು, ಸಂಬಳವೂ ಚೆನ್ನಾಗಿತ್ತು. ಮನೆಯಲ್ಲಿ ಎರಡು ದಿನ ಆ ಮಾತನ್ನು ಯಾರೂ ಎತ್ತಲಿಲ್ಲ. ಮೂರನೆಯ ದಿನ ಮಗಳೇ ಎತ್ತಿದಳು. “ಹೋಗೋದಾದ್ರೆ ಹೋಗಿ, ನಾನು ಬೇಡ ಅನ್ನಲ್ಲ. ಅಪ್ಪನೂ ಅದೇ ಅನ್ನ ತಿನ್ಸಿ ನನ್ನ ಬೆಳೆಸಿದ್ದು. ಆದ್ರೆ ಯಾರೋ ನಮ್ಮ ಹಾಗಿರೋರ ಅಳಿಯ ಅಲ್ಲಿ ಯುದ್ಧದಲ್ಲಿ ಆ ಲಾರಿಯ ಗುಂಡಿಗೆ ಕಾಯ್ತಿರ್ತಾನೆ.” ಅವನು ಹೋಗಲಿಲ್ಲ. ಪಕ್ಕದ ಊರಿನ ಬೇಕರಿಯ ವ್ಯಾನು ಹಿಡಿದ. ಸಂಬಳ ಅರ್ಧ, ಎದ್ದು ಹೊರಡುವುದು ಕೋಳಿ ಕೂಗುವ ಮುಂಚೆ.

ಮುಂದಿನ ಸಲ ಸಮಿತಿ ಕೂತಾಗ ಸಂಘದ ಹೊಸ ಅಧ್ಯಕ್ಷ ರಾಜಧಾನಿಗೆ ಹೋಗಿಬಂದ. ಬಂದ ಸಂಜೆಯೇ ಗುಡುಗಣ್ಣನ ಮನೆಗೆ ಬಂದು, ಕೂರದೆ, ಬಾಗಿಲಲ್ಲೇ ನಿಂತು ಹೇಳಿದ: “ನಾನು ಕಂಪನಿ ಹೇಳಿದ್ದೇ ಹೇಳ್ಬಂದೆ ಅಣ್ಣ. ಸಂಸಾರಸ್ಥ ನಾನು. ಆದ್ರೆ ಪೆಟ್ಟಿಗೆ ಊರಿನವಳು ಎದ್ದು, ನಮಗೆ ಬೇರೆ ಕೆಲಸ ಕೊಡಿ ಅಂದ್ಲು. ತಂತಿಯವನೂ ಅಂದ. ಇದನ್ನ ನಿಮಗೆ ಹೇಳ್ಬೇಕು ಅನ್ನಿಸ್ತು.”

“ಆರ್ಡರು?”

“ಬಂತು. ಕೈ ಎತ್ತಿದವರೇ ಜಾಸ್ತಿ.”

“ಒಳಗೆ ಬಾ, ಊಟ ಮಾಡ್ಕೊಂಡು ಹೋಗು” ಎಂದ ಗುಡುಗಣ್ಣ. ಅವನು ಸ್ವಲ್ಪ ಹೊತ್ತು ಅನುಮಾನಿಸಿ ಚಪ್ಪಲಿ ಬಿಟ್ಟು ಒಳಗೆ ಬಂದ.