ಟೇಪಿನ ಕೆಳಗಿನ ಬಿರುಕು

ತಮ್ಮನ ಸೈಕಲ್ಲಿಗೆ ಬ್ಯಾಟರಿಯಿಂದ ನಡೆಯುವ ಹೊಸ ಗೇರ್ ಜೋಡಿಸಲು ಅಕ್ಕ ಅಡುಗೆಮನೆಯಲ್ಲೇ ಕೂತಿದ್ದಳು. ಹಳೆಯ ಗೇರ್ ವೈರು ತೆಗೆಯಲೆಂದು ಕಾರ್ಬನ್ ನಾರಿನ ಹಗುರ ಹ್ಯಾಂಡಲ್ಲಿಗೆ ಸುತ್ತಿದ್ದ ಟೇಪ್ ಬಿಚ್ಚಿದರೆ, ಒಳಗೆ ಕೂದಲೆಳೆಯಂಥ ಬಿರುಕು.

“ಹೋದ ತಿಂಗಳು ಬಿದ್ದೆಯಲ್ಲ, ಆಗ ಹ್ಯಾಂಡಲ್ ಯಾರಿಗಾದ್ರೂ ತೋರಿಸಿದ್ಯೇನೋ?”

“ಹೊರಗೆ ಏನೂ ಕಾಣ್ತಿರ್ಲಿಲ್ವಲ್ಲಕ್ಕ,” ಎಂದ ತಮ್ಮ.

ಅವಳು ಬಿರುಕಿನ ಮೇಲೆ ಹೆಬ್ಬೆರಳಿಂದ ಮೆಲ್ಲಗೆ ಒತ್ತಿದಳು. ಹ್ಯಾಂಡಲ್ ಲಟಕ್ಕನೆ ಮುರಿದು ಕೈಗೇ ಬಂತು.

ತಮ್ಮನ ಮುಖ ಬಿಳಿಚಿಕೊಂಡಿತು. “ಬೆಳಿಗ್ಗೆ ಗುಡ್ಡದಿಂದ ಇದನ್ನೇ ಹಿಡ್ಕೊಂಡು ಇಳಿದೆ. ಹಿಂದೆ ಲಾರಿ ಬರ್ತಿತ್ತು.”

ಅಕ್ಕ ಸ್ಕ್ರೂಡ್ರೈವರ್ ಕೆಳಗಿಟ್ಟು ಅವನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು.

“ಆಗ ಹೆದರಿಕೆನೇ ಆಗ್ಲಿಲ್ಲ. ಈಗ ಆಗ್ತಿದೆ ಕಣಕ್ಕ,” ಎನ್ನುತ್ತ ಅವನು ನೆಲದ ಮೇಲೆ ಕುಸಿದು ಕೂತ. ಅವಳೂ ಪಕ್ಕದಲ್ಲೇ ಕೂತಳು, ತೋಳು ಬಿಡಲಿಲ್ಲ. ಹೊಸ ಗೇರನ್ನು ಆ ದಿನ ಇಬ್ಬರೂ ಮುಟ್ಟಲಿಲ್ಲ.